ಸಮ್ಮರ್ ಲೀಗ್: ಜುಲೈ ತಿಂಗಳ ಆಟ ಹೇಳುವುದೆಷ್ಟು?

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ತಂಡಗಳು ಜೂನ್ ತಿಂಗಳ ಡ್ರಾಫ್ಟ್‌ನಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಮುಖ್ಯ ಪಂದ್ಯಗಳು ಶುರುವಾಗುವುದು ಅಕ್ಟೋಬರ್‌ನಲ್ಲಿ. ಈ ನಡುವೆ, ಸಾಮಾನ್ಯವಾಗಿ ಜುಲೈನಲ್ಲಿ, ಹೊಸಬರನ್ನು ಮೊದಲ ಬಾರಿಗೆ ತಂಡದ ಅಂಗಿ ತೊಡಿಸಿ ಅಂಕಣಕ್ಕೆ ಇಳಿಸುವ ಕಿರು ಟೂರ್ನಿಯೇ ಸಮ್ಮರ್ ಲೀಗ್. ಇವುಗಳಲ್ಲಿ ದೊಡ್ಡದು ಲಾಸ್ ವೇಗಸ್‌ನದು. 2004ರಲ್ಲಿ ಆರು ತಂಡಗಳಿಂದ ಆರಂಭವಾದ ಅದರಲ್ಲಿ 2018ರಿಂದ ಲೀಗಿನ 30 ತಂಡಗಳೂ ಆಡುತ್ತಿವೆ. ಪಂದ್ಯಗಳು ನಡೆಯುವುದು ಅಲ್ಲಿನ ನೆವಾಡಾ ವಿಶ್ವವಿದ್ಯಾಲಯದ ಆವರಣದಲ್ಲಿರುವ ಥಾಮಸ್ ಅಂಡ್ ಮ್ಯಾಕ್ ಸೆಂಟರ್ ಮತ್ತು ಅದಕ್ಕೆ ಅಂಟಿಕೊಂಡಿರುವ ಕಾಕ್ಸ್ ಪೆವಿಲಿಯನ್‌ನಲ್ಲಿ. ಸಾಲ್ಟ್ ಲೇಕ್ ಸಿಟಿ ಮತ್ತು ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೂ ಮುಂಚೆ ಸಣ್ಣ ಟೂರ್ನಿಗಳು ನಡೆಯುತ್ತವೆ. ಒಬ್ಬ ಯುವ ಆಟಗಾರನ ಬಗ್ಗೆ ಅಭಿಮಾನಿಗಳು ಮೊದಲ ಅಭಿಪ್ರಾಯ ಕಟ್ಟಿಕೊಳ್ಳುವುದು ಇಲ್ಲಿಯೇ. ಆ ಅಭಿಪ್ರಾಯಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬ ಪ್ರಶ್ನೆಯನ್ನು ಬಿಟ್ಟು ಈ ಪದವನ್ನು ವಿವರಿಸಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ.

ಇಲ್ಲಿನ ಆಟ ಎನ್‌ಬಿಎ ಆಟದಂತೆ ಕಂಡರೂ ಅದೇ ಆಟವಲ್ಲ. ಪಂದ್ಯ 48 ನಿಮಿಷಗಳ ಬದಲು 40 ನಿಮಿಷಗಳದ್ದು. ಮುಖ್ಯ ಲೀಗಿನಲ್ಲಿ ಆರು ಫೌಲ್‌ಗಳಾದರೆ ಆಟಗಾರ ಹೊರಗೆ ಕೂರಬೇಕು. ಇಲ್ಲಿ ಹತ್ತು ಫೌಲ್‌ಗಳವರೆಗೆ ಅವಕಾಶವಿದೆ, ಆದ್ದರಿಂದ ರಕ್ಷಣೆಯಲ್ಲಿರುವವನು ಹೆದರದೆ ಮೈಮೇಲೆ ಬೀಳುತ್ತಾನೆ, ಎದುರಾಳಿಗೆ ಸಿಗುವ ಫ್ರೀ ಥ್ರೋಗಳ (ಯಾರೂ ಅಡ್ಡಿಪಡಿಸದ ಎಸೆತಗಳ) ಸಂಖ್ಯೆಯೂ ಅದಕ್ಕೆ ತಕ್ಕಂತೆ ಉಬ್ಬುತ್ತದೆ. ತಂಡವೆಂದರೆ ಆ ವರ್ಷ ಆಯ್ಕೆಯಾದ ಒಬ್ಬಿಬ್ಬರು, ಹಿಂದಿನ ವರ್ಷ ಬೆಂಚಿನಲ್ಲಿ ಕುಳಿತವರು, ಡ್ರಾಫ್ಟ್‌ನಲ್ಲಿ ಯಾರೂ ಕರೆಯದವರು, ಯುರೋಪಿನಿಂದಲೋ ಎನ್‌ಬಿಎಯ ಕೆಳಹಂತದ ಲೀಗ್ ಆದ ಜಿ ಲೀಗ್‌ನಿಂದಲೋ ಕೆಲಸ ಹುಡುಕಿಕೊಂಡು ಬಂದ ಇಪ್ಪತ್ತಾರು ಇಪ್ಪತ್ತೇಳರ ಪ್ರಾಯದವರು. ಇವರೆಲ್ಲ ಜೊತೆಗೂಡಿ ಅಭ್ಯಾಸ ಮಾಡಿರುವುದು ಕೆಲವೇ ದಿನ; ತರಬೇತಿ ಕೊಡುವವರು ಸಾಮಾನ್ಯವಾಗಿ ಸಹಾಯಕ ಕೋಚ್‌ಗಳು. ಪ್ರತಿಯೊಬ್ಬನಿಗೂ ತನ್ನನ್ನು ಯಾರಾದರೂ ಗಮನಿಸಬೇಕೆಂಬ ತವಕವಿರುವುದರಿಂದ ಪಾಸ್ ಕೊಡಬೇಕಾದಲ್ಲಿ ಎಸೆತವೇ ಮೊದಲಾಗುತ್ತದೆ. ಇದನ್ನು ಅವರ ಸ್ವಾರ್ಥ ಎಂದು ಹಳಿಯುವುದು ತಪ್ಪು, ಹೊಟ್ಟೆಪಾಡಿನ ಪ್ರಶ್ನೆ ಅದು.

ಈ ಟೂರ್ನಿಯ ಅಂಕಿಗಳನ್ನು ಓದುವ ಕಷ್ಟವನ್ನು 2012ರ ಲಾಸ್ ವೇಗಸ್ ಪ್ರಶಸ್ತಿಯಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಇನ್ನೊಂದಿಲ್ಲ. ಆ ವರ್ಷ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನು ಇಬ್ಬರಿಗೆ ಹಂಚಲಾಯಿತು. ಒಬ್ಬರು ಪೋರ್ಟ್‌ಲ್ಯಾಂಡ್ ತಂಡದ ಡೇಮಿಯನ್ ಲಿಲ್ಲರ್ಡ್, ಇನ್ನೊಬ್ಬರು ಮೆಂಫಿಸ್ ತಂಡದ ಜೋಶ್ ಸೆಲ್ಬಿ. ಲಿಲ್ಲರ್ಡ್ ಆ ಋತುವಿನಲ್ಲೇ ಸರ್ವಾನುಮತದಿಂದ ವರ್ಷದ ಶ್ರೇಷ್ಠ ಹೊಸ ಆಟಗಾರರಾದರು. 2021ರಲ್ಲಿ ಲೀಗ್ ತನ್ನ 75 ವರ್ಷಗಳ ಇತಿಹಾಸದ ಶ್ರೇಷ್ಠರ ಪಟ್ಟಿ ಪ್ರಕಟಿಸಿದಾಗ ಅವರ ಹೆಸರು ಅದರಲ್ಲಿತ್ತು. ಸೆಲ್ಬಿಯವರನ್ನು ಮುಂದಿನ ಜನವರಿಯಲ್ಲೇ ಮೆಂಫಿಸ್ ಬೇರೆ ತಂಡಕ್ಕೆ ಸಾಗಿಸಿತು, ಅವರ ಎನ್‌ಬಿಎ ಬದುಕು ಒಟ್ಟು 38 ಪಂದ್ಯಗಳಿಗೆ ಮುಗಿಯಿತು. ಅದೇ ಅಂಕಣ, ಅದೇ ಜುಲೈ, ಅದೇ ಪ್ರಶಸ್ತಿ. ಸೆಲ್ಬಿ ಆ ಟೂರ್ನಿಯಲ್ಲಿ ಮೂರು ಅಂಕಗಳ ಗೆರೆಯಾಚೆಯಿಂದ 42 ಎಸೆತಗಳಲ್ಲಿ 27ನ್ನು ಬುಟ್ಟಿಗೆ ಹಾಕಿದ್ದರು, ಅಂದರೆ ನೂರಕ್ಕೆ 64. ಜಗತ್ತಿನ ಅತ್ಯುತ್ತಮ ಎಸೆತಗಾರರು ಇಡೀ ಋತುವಿನಲ್ಲಿ ನೂರಕ್ಕೆ 45 ದಾಟಿದರೆ ಅದು ದೊಡ್ಡ ಸಾಧನೆ. ಈ ಸಂಖ್ಯೆಯನ್ನು ಕಂಡಾಗಲೇ ಇದು ಉಳಿಯುವಂಥದ್ದಲ್ಲ ಎಂದು ಅನುಮಾನಿಸಬೇಕಿತ್ತು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿ ನೋಡಿದರೆ ಸಾಕು ಎನ್ನುತ್ತೇವೆ. ಎಸೆತದ ವಿಷಯದಲ್ಲಿ ಈ ಮಾತು ನಡೆಯುವುದಿಲ್ಲ, ಏಕೆಂದರೆ ಇಲ್ಲಿ ಒಂದು ಅಗುಳಿನಂತೆ ಇನ್ನೊಂದು ಇರುವುದಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ದೂರದಿಂದ ನೂರಕ್ಕೆ 36ರಂತೆ ಬುಟ್ಟಿಗೆ ಹಾಕಬಲ್ಲ ಒಬ್ಬ ಒಳ್ಳೆಯ ಎಸೆತಗಾರ ಸಮ್ಮರ್ ಲೀಗಿನ ಐದು ಪಂದ್ಯಗಳಲ್ಲಿ 25 ಬಾರಿ ಎಸೆದರೆ ಸರಾಸರಿ ಒಂಬತ್ತು ಬುಟ್ಟಿಯಾಗಬೇಕು. ಸಂಭವನೀಯತೆಯ ಗಣಿತದ ಪ್ರಕಾರ ಹತ್ತರಲ್ಲಿ ಏಳು ಬಾರಿ ಅವನ ಲೆಕ್ಕ ಏಳರಿಂದ ಹನ್ನೊಂದರ ನಡುವೆ ನಿಲ್ಲುತ್ತದೆ. ಏಳಾದರೆ ನೂರಕ್ಕೆ 28, ಹನ್ನೊಂದಾದರೆ ನೂರಕ್ಕೆ 44: ಮೊದಲನೆಯದನ್ನು ಕಂಡವರು ಇವನಿಗೆ ಎಸೆಯಲು ಬರುವುದಿಲ್ಲ ಎನ್ನುತ್ತಾರೆ, ಎರಡನೆಯದನ್ನು ಕಂಡವರು ತಾರೆ ಹುಟ್ಟಿದನೆಂದು ಸಂಭ್ರಮಿಸುತ್ತಾರೆ. ಆಟಗಾರ ಒಬ್ಬನೇ, ಅವನ ಕೈಯೂ ಅದೇ. ಉಳಿದ ಮೂರು ಬಾರಿ ಲೆಕ್ಕ ಈ ಮಿತಿಯನ್ನೂ ದಾಟಿ ಹೋಗುತ್ತದೆ. ಮುಂದೆ ಲೀಗಿನ ಶ್ರೇಷ್ಠ ಎಸೆತಗಾರರೆನಿಸಿದ ಸ್ಟೀಫನ್ ಕರಿ 2009ರ ಸಮ್ಮರ್ ಲೀಗಿನಲ್ಲಿ ಎಸೆದದ್ದರಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಬುಟ್ಟಿಗೆ ಬಿತ್ತು. ಟ್ರೇ ಯಂಗ್ 2018ರಲ್ಲಿ ಸಾಲ್ಟ್ ಲೇಕ್ ಸಿಟಿಯ ಮೊದಲ ಪಂದ್ಯದಲ್ಲಿ 20 ಎಸೆತಗಳಲ್ಲಿ ನಾಲ್ಕನ್ನಷ್ಟೇ ಹಾಕಿ ನಗೆಪಾಟಲಿಗೀಡಾದರು, ಮುಂದಿನ ಋತುವಿನಲ್ಲಿ ಪ್ರತಿ ಪಂದ್ಯಕ್ಕೆ 19 ಅಂಕ, 8 ಅಸಿಸ್ಟ್‌ಗಳ (ಸಹ ಆಟಗಾರನ ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್‌ಗಳ) ಸರಾಸರಿ ಕಾಯ್ದುಕೊಂಡರು.

ಹಾಗಾದರೆ ಜುಲೈ ಆಟದಿಂದ ಏನೂ ತಿಳಿಯುವುದಿಲ್ಲವೇ? ತಿಳಿಯುತ್ತದೆ, ಆದರೆ ಬೇರೆ ಕಡೆ ನೋಡಬೇಕು. 2023ರ ಜುಲೈ 7ರಂದು ವಿಕ್ಟರ್ ವೆಂಬನ್ಯಾಮ ಲಾಸ್ ವೇಗಸ್‌ನಲ್ಲಿ ಮೊದಲ ಪಂದ್ಯವಾಡಿದರು. ಏಳು ಅಡಿ ನಾಲ್ಕು ಅಂಗುಲದ ಈ ಫ್ರೆಂಚ್ ಯುವಕ ಆ ವರ್ಷದ ಡ್ರಾಫ್ಟ್‌ನ ಮೊದಲ ಆಯ್ಕೆ. ನಿರೀಕ್ಷೆ ಮುಗಿಲು ಮುಟ್ಟಿತ್ತು. ಅಂದು 13 ಎಸೆತಗಳಲ್ಲಿ ಎರಡು ಮಾತ್ರ ಬುಟ್ಟಿ ಸೇರಿ 9 ಅಂಕಗಳಷ್ಟೇ ಬಂದವು. ಎರಡು ದಿನ ಬಿಟ್ಟು ಆಡಿದ ಎರಡನೇ ಪಂದ್ಯದಲ್ಲಿ 27 ಅಂಕ, 12 ರೀಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು). ಅಲ್ಲಿಗೆ ಸ್ಯಾನ್ ಆಂಟೋನಿಯೊ ತಂಡ ಅವರಿಗೆ ವಿಶ್ರಾಂತಿ ಕೊಟ್ಟಿತು. ಅಂಕಗಳ ಕಾಲಂ ಮಾತ್ರ ನೋಡಿದವರಿಗೆ ಮೊದಲ ದಿನ ನಿರಾಸೆ, ಮೂರನೇ ದಿನ ಹರ್ಷ. ಬ್ಲಾಕ್‌ಗಳ, ಅಂದರೆ ತಡೆದ ಎದುರಾಳಿ ಎಸೆತಗಳ, ಕಾಲಂ ನೋಡಿದವರಿಗೆ ಮೊದಲ ಪಂದ್ಯದಲ್ಲಿ ಐದು, ಎರಡನೆಯದರಲ್ಲಿ ಮೂರು ಕಂಡವು. ಆ ಋತುವಿನ ಕೊನೆಗೆ ಅವರು ಪಂದ್ಯಕ್ಕೆ 3.6 ಬ್ಲಾಕ್‌ಗಳೊಂದಿಗೆ ಇಡೀ ಲೀಗಿಗೇ ಮೊದಲಿಗರಾಗಿದ್ದರು. ತೋಳಿನ ಉದ್ದ, ಜಿಗಿತದ ಸಮಯಪ್ರಜ್ಞೆ, ಚೆಂಡು ಎಲ್ಲಿಗೆ ಬೀಳುತ್ತದೆಂಬ ಅಂದಾಜು ಇವು ಒಂದು ಕೆಟ್ಟ ಸಂಜೆಯಲ್ಲಿ ಕೈಕೊಡುವುದಿಲ್ಲ. ಹೀಗಾಗಿ ರೀಬೌಂಡ್, ಬ್ಲಾಕ್, ಚೆಂಡು ಕಸಿಯುವಿಕೆ ಇಂಥವು ಎಸೆತದ ಶೇಕಡಾವಾರಿಗಿಂತ ಹೆಚ್ಚು ನಂಬಲರ್ಹ ಎಂಬುದು ನನ್ನ ಅಭಿಪ್ರಾಯ.

ಪಾಸ್ ಕೂಡ ಇದೇ ಜಾತಿಗೆ ಸೇರಿದ್ದು. ಲಾಂಜೊ ಬಾಲ್ 2017ರ ಮೊದಲ ಪಂದ್ಯದಲ್ಲಿ 15 ಎಸೆತಗಳಲ್ಲಿ ಎರಡನ್ನೇ ಹಾಕಿದರೂ ಪಂದ್ಯಕ್ಕೆ ಒಂಬತ್ತಕ್ಕೂ ಹೆಚ್ಚು ಅಸಿಸ್ಟ್‌ಗಳ ಬಲದಿಂದ ಆ ಟೂರ್ನಿಯ ಶ್ರೇಷ್ಠ ಆಟಗಾರರಾದರು. ಮುಖ್ಯ ಋತುವಿನಲ್ಲಿ ಅವರ ಪಾಸ್ ಉಳಿಯಿತು, ಪಂದ್ಯಕ್ಕೆ ಸುಮಾರು ಏಳು ಅಸಿಸ್ಟ್. ಎಸೆತದ ದೋಷವೂ ಉಳಿಯಿತು, ಒಟ್ಟು ನೂರಕ್ಕೆ 36. ಆದರೆ ಪಾಸನ್ನು ಅಂಕಪಟ್ಟಿಯಲ್ಲಿ ಎಣಿಸುವುದಕ್ಕಿಂತ ಕಣ್ಣಾರೆ ನೋಡುವುದು ಮೇಲು. ಪಿಕ್ ಅಂಡ್ ರೋಲ್‌ನ ಒಂದು ಆಟವನ್ನೇ ತೆಗೆದುಕೊಳ್ಳಿ. ಚೆಂಡು ಹಿಡಿದ ಗಾರ್ಡ್, ಸಹ ಆಟಗಾರನ ಮೈಯನ್ನು ಮರೆಯಾಗಿಸಿಕೊಂಡು ತನ್ನ ಕಾವಲುಗಾರನನ್ನು ಹಿಂದೆ ಬಿಡುತ್ತಾನೆ. ಎದುರಾಳಿ ತಂಡದ ಎತ್ತರದ ಆಟಗಾರ ಬುಟ್ಟಿ ಕಾಯಲು ಹಿಂದೆ ಸರಿಯುತ್ತಾನೆ. ಮರೆಯೊಡ್ಡಿದವನು ಬುಟ್ಟಿಯತ್ತ ಓಡುತ್ತಾನೆ. ಎನ್‌ಬಿಎ ಪಂದ್ಯವಾದರೆ ಆ ಕ್ಷಣಕ್ಕೆ ಎದುರು ಬದಿಯ ಮೂಲೆಯಿಂದ ಮೂರನೆಯ ಕಾವಲುಗಾರನೊಬ್ಬ ಎರಡು ಹೆಜ್ಜೆ ಒಳಗೆ ಬಂದು ಓಡುವವನಿಗೆ ಅಡ್ಡ ನಿಲ್ಲುತ್ತಾನೆ, ಆಗ ಮೂಲೆಯಲ್ಲಿರುವವನು ಅರೆಕ್ಷಣ ಒಂಟಿಯಾಗುತ್ತಾನೆ. ಸಮ್ಮರ್ ಲೀಗಿನಲ್ಲಿ ಆ ಮೂರನೆಯವನು ಎಷ್ಟೋ ಸಲ ತಡವಾಗಿ ಬರುತ್ತಾನೆ, ಕೆಲವೊಮ್ಮೆ ಬರುವುದೇ ಇಲ್ಲ. ಹೀಗಾಗಿ ನೇರವಾಗಿ ಮೇಲಕ್ಕೆ ತೂರಿದ ಚೆಂಡು ಸುಲಭದ ಎರಡು ಅಂಕವಾಗುತ್ತದೆ, ಗಾರ್ಡ್‌ಗೊಂದು ಅಸಿಸ್ಟ್ ದಕ್ಕುತ್ತದೆ. ಅದನ್ನು ಲೆಕ್ಕಕ್ಕಿಡಬೇಕಾಗಿಲ್ಲ. ಮೂರನೆಯವನು ಸರಿಯಾದ ಹೊತ್ತಿಗೆ ಬಂದ ನಾಲ್ಕಾರು ಸಂದರ್ಭಗಳಲ್ಲಿ ಗಾರ್ಡ್‌ನ ಕಣ್ಣು ಮೂಲೆಯತ್ತ ಹೋಯಿತೇ, ಕಾವಲುಗಾರ ಹಿಂತಿರುಗುವ ಮೊದಲೇ ಚೆಂಡು ಕೈಬಿಟ್ಟಿತೇ ಎಂಬುದನ್ನು ನೋಡಬೇಕು. ಆ ಪಾಸ್ ಪಡೆದವನು ಗುರಿ ತಪ್ಪಿದರೆ ಅಂಕಪಟ್ಟಿಯಲ್ಲಿ ಏನೂ ದಾಖಲಾಗುವುದಿಲ್ಲ, ಆದರೂ ಅಲ್ಲಿ ಕಂಡ ಗುಣ ಅಕ್ಟೋಬರ್‌ಗೆ ಬೇಕಾದ ಗುಣವೇ.

ಎರಡನೆಯ ವರ್ಷದವರನ್ನು ಅಳೆಯುವ ಮಾಪನ ಬೇರೆಯೇ ಇರಬೇಕು. 2013ರಿಂದ 2016ರವರೆಗೆ ಲಾಸ್ ವೇಗಸ್‌ನ ಶ್ರೇಷ್ಠ ಆಟಗಾರರಾದ ಯೋನಾಸ್ ವಲಾನ್‌ಚೂನಸ್, ಗ್ಲೆನ್ ರೈಸ್ ಜೂನಿಯರ್, ಕೈಲ್ ಆ್ಯಂಡರ್ಸನ್, ಟೈಯಸ್ ಜೋನ್ಸ್ ನಾಲ್ವರೂ ಆಗಲೇ ಎನ್‌ಬಿಎಯಲ್ಲಿ ಒಂದು ಋತು ಕಳೆದಿದ್ದವರು, ಸೆಲ್ಬಿಯವರೂ ಹಾಗೆಯೇ. ಒಂದು ವರ್ಷ ದೊಡ್ಡವರ ನಡುವೆ ಏಟು ತಿಂದವನು ಹೊಸಬರ ನಡುವೆ ಮಿಂಚುವುದು ಸಹಜ, ಮಿಂಚದಿದ್ದರೆ ಮಾತ್ರ ಅದು ಸುದ್ದಿ. ಗ್ಲೆನ್ ರೈಸ್ ಜೂನಿಯರ್ 2014ರಲ್ಲಿ ಪಂದ್ಯಕ್ಕೆ 25 ಅಂಕ ಗಳಿಸಿ ಪ್ರಶಸ್ತಿ ಪಡೆದರು, ಆರೇ ತಿಂಗಳಲ್ಲಿ ವಾಷಿಂಗ್ಟನ್ ತಂಡ ಅವರನ್ನು ಕೈಬಿಟ್ಟಿತು. ಹತ್ತೊಂಬತ್ತರ ಹುಡುಗನ ವಿಷಯದಲ್ಲಿ ಇದು ತಿರುಗುಮುರುಗು: ಅವನು ಎಡವಿದರೆ ಅದಕ್ಕೆ ಹೆಚ್ಚು ಅರ್ಥವಿಲ್ಲ, ಪ್ರಾಯದವರ ಎದುರು ನಿಂತು ಆಡಿದರೆ ಅದಕ್ಕೆ ನಿಜವಾದ ತೂಕವಿದೆ.

ಪಾತ್ರದ ವಿಷಯವನ್ನೂ ಹೇಳಬೇಕು. ಪಂದ್ಯಕ್ಕೆ 20 ಬಾರಿ ಎಸೆಯುವ ಸ್ವಾತಂತ್ರ್ಯ ಜುಲೈನಲ್ಲಿ ಸಿಕ್ಕವನಿಗೆ ಮುಖ್ಯ ಋತುವಿನಲ್ಲಿ ಐದು ಎಸೆತ ಸಿಕ್ಕರೆ ಹೆಚ್ಚು. ಮೂಲೆಯಲ್ಲಿ ನಿಂತು ಕಾಯುವುದು, ತನಗೆ ವಹಿಸಿದ ಎದುರಾಳಿಯನ್ನು ಬಿಡದೆ ಕಾಯುವುದು, ಚೆಂಡು ಕಳೆಯದಿರುವುದು ಆಗ ಅವನ ಕೆಲಸ. ಚೆಂಡು ಕೈಯಲ್ಲಿಲ್ಲದಾಗ ಅವನು ಏನು ಮಾಡುತ್ತಾನೆ ಎಂಬುದನ್ನು ತಂಡಗಳ ಸ್ಕೌಟ್‌ಗಳು (ಆಟಗಾರರನ್ನು ಪರಖಿಸುವವರು) ಅಷ್ಟು ಜಾಗರೂಕತೆಯಿಂದ ನೋಡುವುದು ಇದಕ್ಕೇ.

ಮೊದಲ ಸುತ್ತಿನಲ್ಲಿ ಆಯ್ಕೆಯಾದವರ ಒಪ್ಪಂದದ ಮೊದಲ ಎರಡು ವರ್ಷಗಳ ಹಣ ಖಾತರಿಯದ್ದು. ಜುಲೈನ ಒಂದು ಕೆಟ್ಟ ವಾರದಿಂದ ಅವರ ಕೆಲಸ ಹೋಗುವುದಿಲ್ಲ. ಈ ಟೂರ್ನಿ ನಿಜವಾಗಿ ತೀರ್ಮಾನಿಸುವುದು ಅವರಾಚೆಗಿನವರ ಬದುಕನ್ನು. 2010ರಲ್ಲಿ ಡ್ರಾಫ್ಟ್‌ನಲ್ಲಿ ಯಾರೂ ಕರೆಯದಿದ್ದ ಜೆರೆಮಿ ಲಿನ್ ಡಲ್ಲಾಸ್ ಪರ ಲಾಸ್ ವೇಗಸ್‌ನಲ್ಲಿ ಆಡಿ, ಆ ವರ್ಷದ ಮೊದಲ ಆಯ್ಕೆಯಾದ ಜಾನ್ ವಾಲ್ ಅವರಿಗೆ ಸರಿಸಮನಾಗಿ ನಿಂತು, ಅದೇ ತಿಂಗಳು ಗೋಲ್ಡನ್ ಸ್ಟೇಟ್ ತಂಡದ ಒಪ್ಪಂದ ಪಡೆದರು. 2017ರಿಂದ ಎನ್‌ಬಿಎ ಮತ್ತು ಜಿ ಲೀಗ್ ನಡುವೆ ಓಡಾಡುತ್ತಾ ಆಡುವ ಟು ವೇ ಒಪ್ಪಂದಗಳು ಬಂದಿವೆ, ಈಗ ಒಂದು ತಂಡಕ್ಕೆ ಅಂಥ ಮೂರು ಸ್ಥಾನಗಳಿವೆ. ಅವುಗಳ ಪೈಪೋಟಿಯ ದೊಡ್ಡ ಪಾಲು ನಡೆಯುವುದು ಇಲ್ಲಿಯೇ.

ಭಾರತದವರೂ ಈ ಬಾಗಿಲು ತಟ್ಟಿದ್ದಾರೆ. ಪಂಜಾಬಿನ ಬಲ್ಲೋ ಕೆ ಗ್ರಾಮದ ಸತ್ನಾಮ್ ಸಿಂಗ್ 2015ರಲ್ಲಿ 52ನೆಯವರಾಗಿ ಡಲ್ಲಾಸ್‌ಗೆ ಆಯ್ಕೆಯಾಗಿ, ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯರೆನಿಸಿ ಸಮ್ಮರ್ ಲೀಗಿನಲ್ಲಿ ಆಡಿದರು. ಎನ್‌ಬಿಎ ಪಂದ್ಯವಾಡುವ ಅವಕಾಶ ಅವರಿಗೆ ಒದಗಲಿಲ್ಲ. 2021ರಲ್ಲಿ ಟೂರ್ನಿ ಗೆದ್ದ ಸ್ಯಾಕ್ರಮೆಂಟೊ ತಂಡದಲ್ಲಿ ಪ್ರಿನ್ಸ್‌ಪಾಲ್ ಸಿಂಗ್ ಇದ್ದರು. ಇಬ್ಬರ ಬಗ್ಗೆಯೂ ನಮ್ಮಲ್ಲಿ ಬಂದ ಸುದ್ದಿಗಳು ಹೆಮ್ಮೆಯಿಂದ ತುಂಬಿದ್ದವು, ಅದು ತಕ್ಕ ಹೆಮ್ಮೆಯೇ. ಆದರೆ ಇಬ್ಬರಿಗೂ ಅಂಕಣದಲ್ಲಿ ಸಿಕ್ಕ ಹೊತ್ತು ಬಹಳ ಕಡಿಮೆ ಎಂಬ ಸಂಗತಿ ಆ ಸುದ್ದಿಗಳ ನಡುವೆ ಮರೆಯಾಯಿತು. ಲಾಸ್ ವೇಗಸ್‌ನ ಸಂಜೆ ನಮಗೆ ಮರುದಿನದ ಬೆಳಗು. ನಮ್ಮಲ್ಲಿ ಹೆಚ್ಚಿನವರು ಪಂದ್ಯ ನೋಡದೆ ಎದ್ದ ಮೇಲೆ ಅಂಕಪಟ್ಟಿಯನ್ನಷ್ಟೇ ತೆರೆಯುತ್ತಾರೆ. ಅದರಲ್ಲಿ ಅಂಕಗಳ ಕಾಲಂಗಿಂತ ಮೊದಲು ಬರುವುದು ಆಡಿದ ನಿಮಿಷಗಳ ಕಾಲಂ. ಆ ಆಟಗಾರನ ಬಗ್ಗೆ ಅವನ ಕೋಚ್‌ಗಳು ಆ ದಿನ ಏನು ಯೋಚಿಸಿದ್ದರು ಎಂಬುದು ಅಲ್ಲಿ ದಾಖಲಾಗಿರುತ್ತದೆ, ಓದು ಅಲ್ಲಿಂದ ಆರಂಭವಾದರೆ ಒಳ್ಳೆಯದು.