ಎ.ಕ. 7, ಶಿಕಾರಿಪುರ 176: ವರ್ಡ್‌ಗೆ ನಮ್ಮದೇ ಉಲ್ಲೇಖ ಶೈಲಿ ಸೇರಿಸುವುದು

ಶಿವಮೊಗ್ಗ ಜಿಲ್ಲೆಯ ಇತಿಹಾಸ ಬರೆಯುವವರು ತಾಳಗುಂದದ ಸ್ತಂಭಶಾಸನವನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಅದನ್ನು ಉಲ್ಲೇಖಿಸುವ ಕ್ರಮವೂ ರೂಢಿಯಲ್ಲಿದೆ: ಎ.ಕ. 7, ಶಿಕಾರಿಪುರ 176. ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟ, ಶಿಕಾರಿಪುರ ತಾಲ್ಲೂಕಿನ 176ನೇ ಶಾಸನ, ಅಷ್ಟೆ. ಪುಟಸಂಖ್ಯೆ, ಸಂಪಾದಕರ ಹೆಸರು ಯಾವುದೂ ಬೇಕಿಲ್ಲ. ಇದೇ ಸಂಪುಟವನ್ನು ವರ್ಡ್‌ನಲ್ಲಿ ತುಂಬಿ ಹೆಸರು–ವರ್ಷ ಕೊಡುವ ಎಪಿಎ ಶೈಲಿ ಆರಿಸಿದರೆ ‘ರೈಸ್, 1902’ ಎಂದು, ಅಂದರೆ ಸಂಪಾದಕರ ಹೆಸರು ಮತ್ತು ಪ್ರಕಟವಾದ ವರ್ಷ ಮಾತ್ರ, ಬರುತ್ತದೆ. ತಪ್ಪೇನಲ್ಲ, ಆದರೆ ಯಾವ ಶಾಸನ ಎಂದೇ ತಿಳಿಯುವುದಿಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವವರಿರಲಿ, ಸಾಗರ ತೀರ್ಥಹಳ್ಳಿಗಳಲ್ಲಿ ಕಿರುಪ್ರಬಂಧ ಬರೆಯುವವರಿರಲಿ, ಗೈಡ್ ಒಪ್ಪುವಂತೆ ಬರಬೇಕಾದರೆ ಶೈಲಿಯನ್ನೇ ತಿದ್ದಿಕೊಳ್ಳಬೇಕು.

ದಾರಿ ಎರಡು. ಮೊದಲನೆಯದು ವರ್ಡ್‌ನ ಸ್ವಂತ ವ್ಯವಸ್ಥೆ. ವರ್ಡ್ 2007ರಿಂದ ರೆಫರೆನ್ಸಸ್ ಟ್ಯಾಬ್‌ನಲ್ಲಿ ಸ್ಟೈಲ್ ಎಂಬ ಪಟ್ಟಿ ಇದೆ. ಅಲ್ಲಿರುವ ಪ್ರತಿ ಶೈಲಿಯೂ ಒಂದು ಎಕ್ಸ್‌ಎಸ್‌ಎಲ್ ಫೈಲ್, ಅಂದರೆ ಎಕ್ಸ್‌ಎಂಎಲ್ ಸಂಕೇತಗಳಲ್ಲಿ ಬರೆದ ಸೂಚನೆಗಳು. ಹೊಸ ಫೈಲ್ ಸೇರಿಸಲು ಬಟನ್ ಕೊಟ್ಟಿಲ್ಲ, ನಾವೇ ಫೋಲ್ಡರ್‌ಗೆ ಹಾಕಬೇಕು. ವಿಂಡೋಸ್‌ನಲ್ಲಿ ಆಪ್‌ಡೇಟಾ, ಅದರೊಳಗೆ ರೋಮಿಂಗ್, ಮೈಕ್ರೋಸಾಫ್ಟ್, ಬಿಬ್ಲಿಯಾಗ್ರಫಿ, ಸ್ಟೈಲ್. ಆಪ್‌ಡೇಟಾ ಮರೆಯಾಗಿರುವ ಫೋಲ್ಡರ್, ಹಿಡನ್ ಐಟಮ್ಸ್‌ಗೆ ಟಿಕ್ ಹಾಕಿದರೆ ಕಾಣುತ್ತದೆ. ಫೈಲ್ ಹಾಕಿ ವರ್ಡ್ ಮುಚ್ಚಿ ತೆರೆದರೆ ಪಟ್ಟಿಯಲ್ಲಿ ಹೊಸ ಹೆಸರು ಬಂದಿರುತ್ತದೆ. ಯಾರಾದರೂ ಮಾಡಿಕೊಟ್ಟ ಶೈಲಿ ಸಿಕ್ಕರೆ ಇದೇ ಸುಲಭ. ನಾವೇ ಬರೆಯುವುದಾದರೆ ಎಕ್ಸ್‌ಎಸ್‌ಎಲ್ ಸಾವಿರಾರು ಸಾಲಿನ ತಲೆನೋವು. ನನ್ನ ಸಲಹೆ ಕೇಳಿದರೆ, ಬೇಡ.

ಎರಡನೆಯದು ಜೊಟೆರೊ. ಆಕರಗಳನ್ನು ಜೋಡಿಸಿಟ್ಟು ಉಲ್ಲೇಖ ಹಾಕಿಕೊಡುವ ಉಚಿತ ತಂತ್ರಾಂಶ, 2006ರಿಂದ ಇದೆ, ವರ್ಡ್ ಮತ್ತು ಲಿಬ್ರೆಆಫೀಸ್ ಎರಡಕ್ಕೂ ಹೊಂದುತ್ತದೆ. ಇದರ ಶೈಲಿಗಳು ಸಿಎಸ್‌ಎಲ್ ಎಂಬ ಭಾಷೆಯಲ್ಲಿವೆ. ಅದೂ ಎಕ್ಸ್‌ಎಂಎಲ್ಲೇ, ಆದರೆ ಕಣ್ಣಿನಿಂದ ಓದಿ ಅರ್ಥಮಾಡಿಕೊಳ್ಳಬಹುದು. ಶುರುವಿನಿಂದ ಬರೆಯಲು ಕೂರಬೇಡಿ. ನಮಗೆ ಬೇಕಾದದ್ದಕ್ಕೆ ಹತ್ತಿರವಿರುವ, ಲೇಖಕ–ವರ್ಷ ಕ್ರಮದ, ಚಿಕ್ಕದೊಂದು ಶೈಲಿ ಆರಿಸಿ. ಎಪಿಎ ಫೈಲ್ ಮಾತ್ರ ಮುಟ್ಟಬೇಡಿ, ಅದರಲ್ಲಿ ಮ್ಯಾಕ್ರೊದೊಳಗೆ (ಹೆಸರಿಟ್ಟ ಸೂಚನೆಗಳ ಗುಂಪಿನೊಳಗೆ) ಮ್ಯಾಕ್ರೊ.

ಜೊಟೆರೊದಲ್ಲಿ ಸೆಟ್ಟಿಂಗ್ಸ್, ಸೈಟ್ (Cite), ಅಲ್ಲಿಂದ ಸ್ಟೈಲ್ ಎಡಿಟರ್. ತೆರೆಯುವ ಮೊದಲು ಲೈಬ್ರರಿಯಲ್ಲಿ ಒಂದೆರಡು ಪುಸ್ತಕ ಸೆಲೆಕ್ಟ್ ಮಾಡಿಕೊಂಡರೆ ತಿದ್ದಿದ್ದು ಆಗಿಂದಾಗ್ಗೆ ಕೆಳಗೆ ಕಾಣುತ್ತದೆ. ಮೊದಲ ಕೆಲಸ, ಮೇಲಿನ ಇನ್ಫೋ ಭಾಗದಲ್ಲಿ ಟೈಟಲ್ ಮತ್ತು ಐಡಿ ಎರಡನ್ನೂ ಬದಲಿಸುವುದು. ಟೈಟಲ್ ಬದಲಿಸಿ ಐಡಿ ಹಾಗೇ ಬಿಟ್ಟರೆ, ಮೂಲ ಶೈಲಿ ಅಪ್‌ಡೇಟ್ ಆದ ದಿನ ನಿಮ್ಮ ತಿದ್ದುಪಡಿಯೆಲ್ಲ ಅಳಿಸಿಹೋಗುತ್ತದೆ.

ಈಗ ಶಾಸನದ ವಿಷಯ. ಒಂದೊಂದು ಶಾಸನವನ್ನೂ ಬೇರೆ ಬೇರೆ ದಾಖಲೆಯಾಗಿ ತುಂಬಲು ಹೋದರೆ ಗ್ರಂಥಸೂಚಿಯಲ್ಲಿ ಅದೇ ಸಂಪುಟ ಐವತ್ತು ಸಲ ಬರುತ್ತದೆ. ಹಾಗಾಗಿ ಸಂಪುಟವನ್ನು ಒಂದೇ ಪುಸ್ತಕವಾಗಿ ತುಂಬಿ, ತಾಲ್ಲೂಕು ಮತ್ತು ಸಂಖ್ಯೆಯನ್ನು ಲೋಕೇಟರ್ ಮಾಡಿ. ಪುಟಸಂಖ್ಯೆ ಬರೆಯುವ ಜಾಗವೇ ಲೋಕೇಟರ್. ‘ಪೇಜ್’ ಬದಲು ‘ಸೆಕ್ಷನ್’ ಆರಿಸಿ ‘ಶಿಕಾರಿಪುರ 176’ ಎಂದು ಬರೆದರಾಯಿತು. ಶಾರ್ಟ್ ಟೈಟಲ್ ಜಾಗದಲ್ಲಿ ‘ಎ.ಕ. 7’ ಇರಲಿ. ಬಿ.ಎಲ್. ರೈಸ್ ಹೆಸರನ್ನು ಎಡಿಟರ್ ಎಂದು ಕೊಡದೆ ಸೀರೀಸ್ ಎಡಿಟರ್ ಎಂದು ಕೊಡಿ. ಲೇಖಕರಿಲ್ಲದಿದ್ದರೆ ಹೆಚ್ಚಿನ ಶೈಲಿಗಳು ಎಡಿಟರನ್ನು ಹುಡುಕುತ್ತವೆ, ಅವರೂ ಇಲ್ಲದಿದ್ದರೆ ಶೀರ್ಷಿಕೆಗೆ ಬರುತ್ತವೆ. ನಮಗೆ ಬೇಕಾದದ್ದೂ ಅದೇ. ಶೈಲಿಯಲ್ಲಿ ತಿದ್ದಬೇಕಾದದ್ದು ಇಷ್ಟು: ಉಲ್ಲೇಖದೊಳಗೆ ಶೀರ್ಷಿಕೆಯ ಶಾರ್ಟ್ ರೂಪ ಬರಲಿ, ಲೋಕೇಟರ್ ಸೆಕ್ಷನ್ ಆಗಿದ್ದರೆ ವರ್ಷವೂ ಬೇಡ, ಲೋಕೇಟರ್ ಹಿಂದಿನ ಲೇಬಲ್ಲೂ ಬೇಡ ಎಂದು ಚೂಸ್–ಇಫ್ (ಹೀಗಿದ್ದರೆ ಹೀಗೆ ಮಾಡು ಎನ್ನುವ) ಸಾಲುಗಳಲ್ಲಿ ಹೇಳಿ, ಗ್ರಂಥಸೂಚಿಯ ಭಾಗದಲ್ಲಿ ಸೀರೀಸ್ ಎಡಿಟರ್ ಹೆಸರು ಸೇರಿಸಿ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಶಾಸನಗಳಿಗೆ 1904ರ 8ನೇ ಸಂಪುಟವನ್ನೂ ಹೀಗೇ ತುಂಬಿ.

ಇಲ್ಲೊಂದು ಎಚ್ಚರ. ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಪರಿಷ್ಕೃತ ಮಾಲೆಯಲ್ಲಿ 7ನೇ ಸಂಪುಟ ಮಂಡ್ಯ ಜಿಲ್ಲೆಯದು. ಎರಡನ್ನೂ ಬಳಸುವವರು ಶಾರ್ಟ್ ಟೈಟಲ್‌ನಲ್ಲೇ ‘ಎ.ಕ. 7 (ಪ.)’ ಎಂದು ಬೇರೆ ಮಾಡಿಟ್ಟುಕೊಳ್ಳಿ. ಶೈಲಿಗೆ ಇದು ತಾನಾಗಿ ಗೊತ್ತಾಗುವುದಿಲ್ಲ.

ಪು., ಸಂ., ಮತ್ತು, ಮತ್ತಿತರರು ಇವನ್ನು ಶೈಲಿಯೊಳಗೆ ಲೊಕೇಲ್, ಅದರೊಳಗೆ ಟರ್ಮ್ಸ್ ಎಂಬ ಭಾಗ ಸೇರಿಸಿ ಕನ್ನಡದಲ್ಲೇ ಕೊಡಬಹುದು. ಆಗ ಇಂಗ್ಲಿಷ್ ಪುಸ್ತಕಗಳಿಗೂ ಪು. ಎಂದೇ ಬರುತ್ತದೆ. ಕನ್ನಡ ಪ್ರಬಂಧದಲ್ಲಿ ಅದೇ ಚೆಂದ ಎಂದು ನನ್ನ ಅಭಿಪ್ರಾಯ.

ಹೆಸರುಗಳ ಗೋಜಲು ಶೈಲಿಯದ್ದಲ್ಲ, ನಾವು ತುಂಬುವ ರೀತಿಯದ್ದು. ನಮ್ಮಲ್ಲಿ ಇನಿಷಿಯಲ್ ಎಂದರೆ ಊರು, ಅಪ್ಪನ ಹೆಸರು. ಸರ್‌ನೇಮ್ ಎಂಬುದು ಎಲ್ಲರಿಗೂ ಇಲ್ಲ. ‘ಕುವೆಂಪು’ ಎಂಬುದನ್ನು ಎರಡು ಖಾನೆಗೆ ಒಡೆಯುವುದಾದರೂ ಹೇಗೆ? ಹೆಸರಿನ ಖಾನೆಯ ಪಕ್ಕದ ಚಿಕ್ಕ ಬಟನ್ ಒತ್ತಿ ಒಂದೇ ಖಾನೆ ಮಾಡಿಕೊಂಡು, ಅಚ್ಚಾಗಬೇಕಾದ ಹಾಗೇ ಬರೆದುಬಿಡಿ.

ಇನ್ನೊಂದು, ಪ್ರಬಂಧವನ್ನು ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಸಿದ್ದರೆ ಇದಾವುದೂ ನಡೆಯುವುದಿಲ್ಲ. ಆ ಫಾಂಟ್‌ಗಳಲ್ಲಿ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದನ್ನು ಜೊಟೆರೊಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಕಾಣುತ್ತದೆ, ಅಕಾರಾದಿ ಕ್ರಮವೂ ಹಾಳು. ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ನುಡಿಯಲ್ಲೇ ಯುನಿಕೋಡ್ ಬರವಣಿಗೆಯ ಸೌಲಭ್ಯವಿದೆ, ಕೀಲಿಮಣೆ ಹೊಸದಾಗಿ ಕಲಿಯಬೇಕಿಲ್ಲ.

ಶೈಲಿಯನ್ನು ಸೇವ್ ಮಾಡಿದ ಮೇಲೆ ವರ್ಡ್‌ನ ಜೊಟೆರೊ ಟ್ಯಾಬ್‌ನಲ್ಲಿ ಡಾಕ್ಯುಮೆಂಟ್ ಪ್ರಿಫರೆನ್ಸಸ್ ತೆರೆದು ಅದನ್ನು ಆರಿಸಿ. ಹಳೆಯ ಉಲ್ಲೇಖಗಳೂ ತಾವಾಗಿ ಬದಲಾಗುತ್ತವೆ. ನಾವೇ ಮಾಡಿದ ಶೈಲಿ ಸಿಂಕ್ ಆಗುವುದಿಲ್ಲ. ವಿಭಾಗದ ಕಂಪ್ಯೂಟರ್‌ನಲ್ಲಿ ಕೂತು ತಿದ್ದುವವರು ಆ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಅಲ್ಲಿಯೂ ಇನ್‌ಸ್ಟಾಲ್ ಮಾಡಬೇಕು. ಬೈಂಡಿಂಗ್‌ಗೆ ಕೊಡುವ ಮೊದಲು ಪ್ರಬಂಧದ ಇನ್ನೊಂದು ಪ್ರತಿ ಮಾಡಿ, ಅದರಲ್ಲಿ ಮಾತ್ರ ಅನ್‌ಲಿಂಕ್ ಸೈಟೇಷನ್ಸ್ ಒತ್ತಿ. ಒತ್ತಿದ ಮೇಲೆ ಉಲ್ಲೇಖಗಳು ಬರೀ ಅಕ್ಷರಗಳಾಗುತ್ತವೆ, ಮತ್ತೆ ಶೈಲಿ ಬದಲಿಸಲು ಬರುವುದಿಲ್ಲ.