ಬಯೋವೇರ್ ಕೆಟ್ಟದ್ದು ಯಾವಾಗ ಅಂತ ಕೇಳಿದ್ರೆ

ಡ್ರ್ಯಾಗನ್ ಏಜ್ ಸರಣಿಯ ವೇಲ್‌ಗಾರ್ಡ್ ಗೇಮು ಬಂದ ಮೇಲೆ ಬದಿಯಡ್ಕದ ನಮ್ಮ ಗೇಮ್ ಸೆಟ್ಟಿನಲ್ಲಿ ಸೇರಿದಾಗೆಲ್ಲ ಒಂದೇ ಚರ್ಚೆ, ಅದನ್ನು ಮಾಡಿದ ಬಯೋವೇರ್ ಕಂಪೆನಿ ಕೆಟ್ಟದ್ದು ಯಾವಾಗ. ಒಬ್ಬ 2007 ಅಂತಾನೆ, ಇನ್ನೊಬ್ಬ 2012, ಚಿಕ್ಕವರಿಗೆ 2019ರ ಹಿಂದಿನದ್ದೆಲ್ಲ ಪುರಾಣ. ಹಾಗಾಗಿ ಸುರುವಿಂದಲೇ ಹೇಳ್ತೇನೆ.

1995ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಡಾಕ್ಟರ್‌ಗಳು ಸೇರಿ ಕಟ್ಟಿದ ಸ್ಟುಡಿಯೋ ಇದು, 1998ರಲ್ಲಿ ಬಾಲ್ಡರ್ಸ್ ಗೇಟ್, 2003ರಲ್ಲಿ ಸ್ಟಾರ್ ವಾರ್ಸ್ ಗೇಮು, 2007ರಲ್ಲಿ ಮಾಸ್ ಎಫೆಕ್ಟ್, ಮರುವರ್ಷ ಜನವರಿಗೆ ಅಮೆರಿಕದ ದೊಡ್ಡ ಗೇಮ್ ಕಂಪೆನಿ ಇಎ ಕೈಗೆ.

ನನಗೆ ಸರಿಯಾಗಿ ಗೊತ್ತಿರುದು ಅದರ ನಂತರದ್ದು. 2009ರ ಡ್ರ್ಯಾಗನ್ ಏಜ್ ಒರಿಜಿನ್ಸ್ ಆಡಿದ್ದು ಅಣ್ಣನ ಕಂಪ್ಯೂಟರಲ್ಲಿ, ಮಳೆಗಾಲ, ಕರೆಂಟು ಯಾವಾಗ ಹೋಗ್ತದೆ ಹೇಳ್ಲಿಕ್ಕಾಗ್ದು, ಐದೈದು ನಿಮಿಷಕ್ಕೆ ಸೇವ್. ನಮ್ಮ ಹೀರೋಗೆ ಸ್ವರವೇ ಇಲ್ಲ. ಜೊತೆಗಾರ್ತಿ ಮಾಟಗಾತಿ ಮೋರಿಗನ್ ಎಂತಾದ್ರೂ ಕೊಂಕು ಹೇಳಿದ್ರೆ ಕೆಳಗೆ ನಾಲ್ಕೈದು ಉತ್ತರ ಪೂರ್ತಿ ಬರೆದಿರ್ತದೆ, ಓದಿ ಆರಿಸುದು, ಹೇಗೆ ಹೇಳಿದ್ದು ಅನ್ನುದು ನಮ್ಮ ತಲೆಯಲ್ಲಿ. ತಾಳಮದ್ದಳೆಯಲ್ಲಿ ಪದ್ಯ ಭಾಗವತರದ್ದಾದ್ರೂ ಅರ್ಥ ನಮ್ಮದು, ಹಾಗೆ.

ಎರಡನೇದು 2011ರ ಮಾರ್ಚಿಗೇ ಬಂತು, ನಡುವೆ ಒಂದೂವರೆ ವರ್ಷವೂ ಇಲ್ಲ. ಈಗ ಹೀರೋಗೆ ಹೆಸರು ಹಾಕ್, ಸ್ವರವೂ ಉಂಟು, ನಮಗೆ ಸಿಗುದು ಒಂದು ಚಕ್ರ, ಅದ್ರಲ್ಲಿ ಎರಡ್ಮೂರು ಶಬ್ದ, ಮುಖವಾಡದ ಚಿತ್ರ ಇದ್ರೆ ತಮಾಷೆ, ಮುಷ್ಟಿ ಇದ್ರೆ ಜಗಳ, ಒತ್ತಿದ ಮೇಲೆ ಹಾಕ್ ಬೇರೆಯೇ ಎಂತದೋ ಹೇಳ್ತಿತ್ತು. ಗುಹೆಗಳಂತೂ ಎಲ್ಲ ಒಂದೇ. ಒಂದು ಸಲ ಈ ಬಾಗಿಲಿಗೆ ಕಲ್ಲು ಅಡ್ಡ, ಮತ್ತೊಂದು ಸಲ ಆ ಬಾಗಿಲಿಗೆ, ಮ್ಯಾಪಲ್ಲಿ ಮಾತ್ರ ಮುಚ್ಚಿದ ದಾರಿಯೂ ಚಂದಕ್ಕೆ ಕಾಣ್ತಿತ್ತು ಮಾರಾಯ್ರೇ. ಆದ್ರೂ ವ್ಯಾರಿಕ್ ಕುಳ್ಳ ಕಥೆ ಹೇಳುವ ಆ ಠೀವಿ ಇವತ್ತಿಗೂ ಮರೆತಿಲ್ಲ.

ಇಎ ಬಂದದ್ದೇ ಕಾರಣ ಅಂತ ಹೇಳಿಬಿಡ್ಬಹುದಿತ್ತು, ಆದ್ರೆ ಆ ಚಕ್ರ ಸುರುವಾದ್ದು ಸ್ಟುಡಿಯೋ ಇಎ ಕೈಗೆ ಹೋಗುವ ಮೊದಲೇ ಬಂದ ಮಾಸ್ ಎಫೆಕ್ಟಲ್ಲಿ, ಅಲ್ಲಿ ಅದನ್ನು ಖುಷಿಯಲ್ಲಿ ತಿರುಗಿಸಿದವ ನಾನೇ.

2012ರಲ್ಲಿ ಮಾಸ್ ಎಫೆಕ್ಟ್ 3, ಕಡೆಗೆ ಮೂರು ಮುಕ್ತಾಯ, ಕೆಂಪು ನೀಲಿ ಹಸಿರು ಅಂತ ಬೆಳಕು ಬೇರೆ ಅಷ್ಟೆ, ಜನ ಗಲಾಟೆ ಮಾಡಿದ್ಮೇಲೆ ಜೂನಿನಲ್ಲಿ ಮುಕ್ತಾಯವನ್ನು ಉದ್ದ ಮಾಡಿ ಫ್ರೀ ಕೊಟ್ರು, ಸೆಪ್ಟೆಂಬರಿನಲ್ಲಿ ಸ್ಟುಡಿಯೋ ಕಟ್ಟಿದ ಡಾಕ್ಟರ್‌ಗಳಾದ ರೇ ಮುಝಿಕಾ, ಗ್ರೆಗ್ ಝೆಶಕ್ ಇಬ್ಬರೂ ಬಿಟ್ರು. 2014ರ ಡ್ರ್ಯಾಗನ್ ಏಜ್ ಇನ್‌ಕ್ವಿಸಿಷನ್‌ಗೆ ಪ್ರಶಸ್ತಿ ಬಂತು, 2017ರ ಮಾಸ್ ಎಫೆಕ್ಟ್ ಆಂಡ್ರೊಮಿಡಾಕ್ಕೆ ಜನರ ನಗೆ, 2019ರ ಆಂಥೆಮನ್ನು ರಿಪೇರಿ ಮಾಡ್ತೇವೆ ಅಂದು 2021ರಲ್ಲಿ ಕೈಬಿಟ್ರು. 2024ರ ವೇಲ್‌ಗಾರ್ಡ್ ಆಡಿದ್ದು ಸುಮಾರು 15 ಲಕ್ಷ ಜನ, ನಿರೀಕ್ಷೆ ಮಾಡಿದ್ದರ ಹತ್ತತ್ರ ಅರ್ಧ ಅಂತ ಇಎಯೇ ಹೇಳಿತು.

ಈ ನಡುವೆ 2023ರಲ್ಲಿ ಬಾಲ್ಡರ್ಸ್ ಗೇಟ್ 3 ಬಂತು, ಮಾಡಿದ್ದು ಬಯೋವೇರ್ ಅಲ್ಲ, ಬೆಲ್ಜಿಯಂನ ಲೇರಿಯನ್ ಸ್ಟುಡಿಯೋ. ಆಚೆಮನೆ ಕಾಲೇಜು ಹುಡುಗ ಆಡುವಾಗ ಹಿಂದೆ ನಿಂತು ನೋಡಿದೆ. ಮಾತುಕತೆಯಲ್ಲಿ ಹೀರೋಗೆ ಸ್ವರ ಇಲ್ಲ, ಕೆಳಗೆ ಉತ್ತರಗಳು ಪೂರ್ತಿ ಬರೆದದ್ದು. ಅವ ಒಂದನ್ನೂ ಓದ್ಲಿಲ್ಲ, ಮೇಲಿನದ್ದನ್ನೇ ಒತ್ತಿ ಒತ್ತಿ ಹೊಡೆದಾಟಕ್ಕೆ ಹೋದ.