ಮೊದಲ ಸಿನಿಮಾಗೂ ಮೊದಲು

ಹೊಸ ನಿರ್ದೇಶಕರ ಸಿನಿಮಾ ಒಂದು ಗೆದ್ದರೆ ಸಾಕು, ‘ಇಷ್ಟು ದಿನ ಎಲ್ಲಿದ್ದರು ಇವರು?’ ಅಂತ ಕೇಳುತ್ತೇವೆ. ಅಲ್ಲೇ ಎಲ್ಲೋ ಕೆಲಸ ಕಲಿಯುತ್ತಾ ಇದ್ದಿರುತ್ತಾರೆ. ಆ ಕಲಿಕೆಯ ವರ್ಷಗಳ ಖರ್ಚನ್ನು ಯಾರು ಹೊರುತ್ತಾರೆ ಅನ್ನೋದು ಮಾತ್ರ ಕಾಲಕಾಲಕ್ಕೆ ಬದಲಾಗಿದೆ.

ಮೊದಲು ಸ್ಟುಡಿಯೋ ಹೊರುತ್ತಿತ್ತು. ಸಸ್ಪೆನ್ಸ್ ಚಿತ್ರಗಳಿಗೆ ಹೆಸರಾದ ಹಿಚ್‌ಕಾಕ್ ಸಿನಿಮಾಗೆ ಬಂದಿದ್ದು ಮೂಕಿ ಚಿತ್ರಗಳ ಟೈಟಲ್ ಕಾರ್ಡ್, ಅಂದರೆ ನಡುನಡುವೆ ಪರದೆಯ ಮೇಲೆ ಬರುವ ಬರಹದ ಫಲಕ, ಬರೆಯೋಕೆ. ಅಕಿರಾ ಕುರೊಸಾವಾ 1936ರಲ್ಲಿ ಜಪಾನಿನ ಸ್ಟುಡಿಯೋ ಒಂದಕ್ಕೆ ಸಹಾಯಕ ನಿರ್ದೇಶಕರಾಗಿ ಸೇರಿದರು. ಅವರದೇ ಮೊದಲ ಸಿನಿಮಾ ಬಂದಿದ್ದು 1943ರಲ್ಲಿ. ನಡುವಿನ ಬಹುಪಾಲು ಸಮಯ ನಿರ್ದೇಶಕ ಕಾಜಿರೊ ಯಮಾಮೊಟೊ ಅವರ ಕೈಕೆಳಗೆ ಕಳೆಯಿತು. ನಿರ್ದೇಶಕನಾಗಬೇಕಾದರೆ ಮೊದಲು ಚಿತ್ರಕಥೆ ಬರೆಯೋದು ಕಲಿ ಅನ್ನೋದು ಆ ಗುರುವಿನ ಪಾಠ. ತಿಂಗಳಾದರೆ ಸಂಬಳ, ತಪ್ಪಿದರೆ ತಿದ್ದೋಕೆ ಒಬ್ಬರು. ಹೊಟ್ಟೆಕಿಚ್ಚಾಗುತ್ತೆ, ಅಲ್ವಾ?

ಆದರೆ ಆ ಸಾಲಿನಲ್ಲಿ ನಿಂತು ಕಾಯುವ ತಾಳ್ಮೆ ಎಲ್ಲರಿಗೂ ಇರಲಿಲ್ಲ. ಫ್ರಾನ್ಸಿನ ಫ್ರಾಂಸ್ವಾ ತ್ರೂಫೊ ಸಿನಿಮಾ ನೋಡಿ ನೋಡಿ, ಬರೆದು ಬರೆದು ಕಲಿತವರು. ಅವರ ವಿಮರ್ಶೆ ಎಷ್ಟು ಖಾರವಾಗಿತ್ತೆಂದರೆ 1958ರ ಕಾನ್ ಚಿತ್ರೋತ್ಸವಕ್ಕೆ ಅವರನ್ನು ಸೇರಿಸಲಿಲ್ಲ. ಮರುವರ್ಷ ಅದೇ ಕಾನ್‌ನಲ್ಲಿ ತಮ್ಮ ಮೊದಲ ಚಿತ್ರಕ್ಕೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಪಡೆದರು! ಇನ್ನೊಂದು ದಾರಿ ಫಿಲ್ಮ್ ಸ್ಕೂಲ್. ಮಾಸ್ಕೋದಲ್ಲಿ 1919ರಲ್ಲೇ ಅಂಥದ್ದು ಶುರುವಾಗಿತ್ತು.

ತೊಂಬತ್ತರ ದಶಕಕ್ಕೆ ಬರುವ ಹೊತ್ತಿಗೆ ಹೊಸಬರು ಖರ್ಚನ್ನು ತಮ್ಮ ಜೇಬಿನಿಂದಲೇ ಹಾಕೋದು ದೊಡ್ಡ ಸುದ್ದಿಯಾಯಿತು. ರಾಬರ್ಟ್ ರಾಡ್ರಿಗಸ್ ಸುಮಾರು 7,000 ಡಾಲರ್‌ನಲ್ಲಿ ಮೊದಲ ಸಿನಿಮಾ ತೆಗೆದರು. ಅದರಲ್ಲಿ ಒಂದಷ್ಟನ್ನು ಹೊಸ ಔಷಧಿಯ ಪರೀಕ್ಷೆಗೆ ಮೈಯೊಡ್ಡಿ ಸಂಪಾದಿಸಿದ್ದರು. ಕ್ರಿಸ್ಟೋಫರ್ ನೋಲನ್ ಮೊದಲ ಚಿತ್ರ 1998ರಲ್ಲಿ ತೆರೆಗೆ ಬಂತು. ನಟರೆಲ್ಲ ಬೇರೆ ಕೆಲಸದಲ್ಲಿದ್ದರು, ಹಾಗಾಗಿ ವರ್ಷವಿಡೀ ವಾರಾಂತ್ಯಗಳಲ್ಲೇ ಶೂಟಿಂಗ್. ರೀಲು ದುಬಾರಿ. ಅದಕ್ಕೇ ನಾಟಕದ ಥರ ಚೆನ್ನಾಗಿ ರಿಹರ್ಸಲ್ ಮಾಡಿ ಒಂದೆರಡು ಟೇಕ್‌ನಲ್ಲಿ ಮುಗಿಸುತ್ತಿದ್ದರು. ಇಂಥ ಕಥೆಗಳನ್ನು ಸಾಹಸ ಅಂತ ಹೊಗಳೋದೇ ಜಾಸ್ತಿ. ನನಗೆ ಮಾತ್ರ ಸ್ಟುಡಿಯೋ ಕೊಡುತ್ತಿದ್ದ ಸಂಬಳ ನೆನಪಾಗುತ್ತೆ.

ನಿರ್ಮಾಪಕರೂ ಈಗ ಬರೀ ಕಥೆ ಕೇಳಿ ಒಪ್ಪೋದು ಕಷ್ಟ. ಡೇಮಿಯನ್ ಶಜೆಲ್ ತಮ್ಮ ಚಿತ್ರಕಥೆಯ ಒಂದು ಭಾಗವನ್ನು ಕಿರುಚಿತ್ರ ಮಾಡಿದರು. ಅದು 2013ರಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗಳಿಸಿತು. ಪೂರ್ತಿ ಸಿನಿಮಾಗೆ ಹಣ ಸಿಕ್ಕಿದ್ದು ಆಮೇಲೆ. ಕಿರುಚಿತ್ರ ಅಂದರೆ ಒಂಥರಾ ಸ್ಯಾಂಪಲ್, ಅದನ್ನೂ ನಾವೇ ಮಾಡಿ ತೋರಿಸಬೇಕು.

‘ಫೋನ್ ಇದ್ದರೆ ಸಾಕು, ನೀನೂ ನಿರ್ದೇಶಕ’ ಅನ್ನುವವರು ಶಾನ್ ಬೇಕರ್ ಹೆಸರು ಹೇಳುತ್ತಾರೆ. ಅವರು ಐಫೋನ್‌ನಲ್ಲಿ ತೆಗೆದ ಚಿತ್ರ 2015ರಲ್ಲಿ ಸನ್‌ಡ್ಯಾನ್ಸ್‌ಗೆ ಹೋಗಿದ್ದು ನಿಜ. ಆದರೆ ಅದು ಅವರ ಐದನೇ ಸಿನಿಮಾ.